ಕಣದ ಹಾಡಿನೊಳಗಿನ ಲೆಕ್ಕ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಮಾನ್ಯ ಅಧ್ಯಕ್ಷರೇ, ಹೊಲಮನಿ ಕೆಲಸ ಬಿಟ್ಟು ಬಂದು ಕುಳಿತಿರುವ ರೈತ ಬಾಂಧವರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ (ಅವರನ್ನು ಹಿಂದಕ್ಕೆ ಯಾಕೆ ಕೂಡಿಸಿದಿರೋ ಗೊತ್ತಿಲ್ಲ, ಇವತ್ತಿನ ನನ್ನ ಮಾತಿನಲ್ಲಿ ಅರ್ಧ ಅವರದೇ ಇದೆ),

ಬೆಳಗಿನಿಂದ ಇಲ್ಲಿ ಬೆಂಬಲ ಬೆಲೆ, ಬಡ್ಡಿ, ಬೆಳೆವಿಮೆ ಇವುಗಳ ಮಾತು ನಡೆದಿದೆ. ನನಗೆ ಕೊಟ್ಟ ವಿಷಯ ಜನರ ಸಂಸ್ಕೃತಿ ಮತ್ತು ದುಡಿಮೆ. ಊಟದ ಹೊತ್ತಿನಲ್ಲಿ ಒಬ್ಬ ಹಿರಿಯರು ಪಕ್ಕಕ್ಕೆ ಬಂದು ಕೇಳಿದರು: "ಅಲ್ರೀ, ಮನಿಗೆ ಬ್ಯಾಂಕಿನ ನೋಟೀಸು ಬಂದು ಬಿದ್ದಾವ, ನೀವು ಹಾಡು ಕುಣಿತದ ಮಾತಾಡ್ತೀರೇನು?" ಅವರ ಪ್ರಶ್ನೆ ಸರಿಯಾಗಿದೆ. ಸಂಸ್ಕೃತಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಪೇಟ ಸುತ್ತಿಕೊಂಡು ಸರ್ಕಾರಿ ಮೆರವಣಿಗೆಯಲ್ಲಿ ಕುಣಿಯೋ ತಂಡ, ಮಂತ್ರಿಗಳ ಕೈಯಿಂದ ಶಾಲು. ಅದರ ಬಗ್ಗೆ ನಾನು ಮಾತಾಡೋದಿಲ್ಲ. ದುಡಿಯೋ ಜನ ತಮ್ಮ ದುಡಿಮೆಯ ಜೊತೆಗೆ ಯಾವುದನ್ನು ಹಾಡುತ್ತಾರೋ, ನೋಡುತ್ತಾರೋ, ಕೇಳುತ್ತಾರೋ, ರೊಕ್ಕ ಕೊಟ್ಟು ಕೊಳ್ಳುತ್ತಾರೋ, ಅದರ ಮಾತಾಡುತ್ತೇನೆ. ಕಣದ ಪದ, ಬೀಸುವ ಪದ, ಜಾತ್ರೆಯ ನಾಟಕ, ರೇಡಿಯೋ, ಸಿನಿಮಾ, ಈಗ ಕಿಸೆಯೊಳಗಿನ ಮೊಬೈಲು, ಎಲ್ಲವೂ ಬಂತು. ಇವುಗಳಲ್ಲಿ ನಮ್ಮ ಬೆಲೆಯ ಲೆಕ್ಕ ಇತ್ತು, ಅದು ಹೇಗೋ ಜಾರಿ ಹೋಯಿತು ಅನ್ನೋದು ನನ್ನ ತಕರಾರು.

ಉತ್ತರ ಕರ್ನಾಟಕದ ಹಂತಿ ಪದ ಈ ಸಭೆಯಲ್ಲಿ ಐವತ್ತು ದಾಟಿದವರಿಗಾದರೂ ನೆನಪಿರಬೇಕು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಬೆಳದಿಂಗಳಲ್ಲಿ ರಾತ್ರಿಯೆಲ್ಲ ತೆನೆ ತುಳಿಸೋದು. ಎತ್ತು ನಿದ್ದೆಗಣ್ಣಿನಲ್ಲಿ ನಿಲ್ಲಬಾರದು, ಹಿಂದೆ ನಡೆಯುವ ಮನುಷ್ಯನೂ ತೂಕಡಿಸಬಾರದು. ಹಾಡು ಹುಟ್ಟಿದ್ದು ಆ ಕೆಲಸಕ್ಕಾಗಿ. ಒಬ್ಬ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯೋರು. ದೇವರ ಕಥೆ ಬರುತ್ತಿತ್ತು, ಶರಣರ ಕಥೆ ಬರುತ್ತಿತ್ತು, ನಡುವೆ ಊರ ಗೌಡನಿಗೂ ಸಾಹುಕಾರನಿಗೂ ಒಂದೊಂದು ಚುಚ್ಚುಮಾತು. ಹಗಲು ಆ ಸಾಹುಕಾರನ ಮುಂದೆ ರುಮಾಲು ತೆಗೆದು ನಿಲ್ಲುತ್ತಿದ್ದವನೇ ರಾತ್ರಿ ಹಾಡಿನೊಳಗೆ ಅವನ ಬಡ್ಡಿಯನ್ನು ಎಣಿಸುತ್ತಿದ್ದ. ಹಾಡಿನಲ್ಲಿ ಅಂದ ಮಾತಿಗೆ ಯಾರೂ ಜಗಳಕ್ಕೆ ಬರುವ ಹಾಗಿರಲಿಲ್ಲ.

ಆಮೇಲೆ ರಾಶಿ. ಚಪ್ಪಲಿ ಹೊರಗೆ ಬಿಟ್ಟು, ರಾಶಿಗೆ ಪೂಜೆ ಮಾಡಿ, ಅಳೆಯಲು ಕೂರೋದು. ಮೊದಲನೇ ಅಳತೆಗೆ ನಮ್ಮ ಹಿರಿಯರು "ಒಂದು" ಅನ್ನಲಿಲ್ಲ. ಏನು ಅಂದರು? "ಲಾಭ" ಅಂದರು. ಲಾಭ, ಎರಡು, ಮೂರು, ಹೀಗೆ ಲೆಕ್ಕ ಸಾಗಬೇಕು. ಇದನ್ನು ಶಾಸ್ತ್ರ ಅಂತ ಬಿಟ್ಟುಬಿಡಬೇಡಿ. ಕಣದಲ್ಲಿ ನಿಂತವರೆಲ್ಲರ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಎಣಿಸೋದು ಅಂದರೆ ಏನರ್ಥ? ಎಷ್ಟು ಬೆಳೆಯಿತು, ಬಡಿಗ ಕಮ್ಮಾರರ ಆಯ ಎಷ್ಟು, ಆಳಿನ ಪಾಲೆಷ್ಟು, ಮನೆಗೆ ಹೋದದ್ದೆಷ್ಟು, ಎಲ್ಲ ನಾಲ್ಕು ಜನರ ಎದುರು ಆಗಬೇಕು ಅಂತ.

ಈಗ ಅದೇ ಕಾಳು ಪೇಟೆಗೆ ಹೋದಾಗಿನ ಮಾತು ನೋಡಿ. ಅಂಗೈ ಮೇಲೆ ಟವಲು ಹಾಕಿಕೊಂಡು ಅದರ ಕೆಳಗೆ ಬೆರಳು ಹಿಡಿದು ಧಾರಣೆ ಮಾಡುವುದನ್ನು ನೀವು ದನದ ಸಂತೆಯಲ್ಲಿ ಕಂಡಿದ್ದೀರಿ, ಕೆಲವರು ಕಾಳಿನ ಪೇಟೆಯಲ್ಲೂ ಕಂಡಿದ್ದೀರಿ. ಮಾಲು ನಿಮ್ಮದು, ಬೆರಳು ಅವರವು, ಮೇಲೆ ಬಟ್ಟೆ! ಕಣದಲ್ಲಿ ಗಟ್ಟಿಯಾಗಿ ಕೂಗಿ ಎಣಿಸಿದ ಲೆಕ್ಕ ಪೇಟೆಯಲ್ಲಿ ಬಟ್ಟೆಯ ಕೆಳಗೆ ಹೋಯಿತು. 2014ರಿಂದ ನಮ್ಮ ರಾಜ್ಯದ ಎ.ಪಿ.ಎಂ.ಸಿ.ಗಳಲ್ಲಿ ಆನ್‌ಲೈನ್ ಏಕೀಕೃತ ಮಾರುಕಟ್ಟೆ ಬಂತು, ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಳ್ಳೆಯದೇ. ಆದರೆ ಪರದೆಯ ಮೇಲೆ ಬಿದ್ದ ಧಾರಣೆ ಬೆಳೆದ ಖರ್ಚಿಗೆ ಸಮ ಬಂತೋ ಇಲ್ಲವೋ ಅನ್ನೋದನ್ನು ಯಾರು ಕೂಗಿ ಹೇಳಬೇಕು?

ಅಳತೆಯ ಮಾತು ಬಂತು ಅಂತ ನೆನಪಿಸುತ್ತೇನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ದೊಡ್ಡ ಸಿದ್ಧಾಂತದ ಪುಸ್ತಕ ಓದಿ ಅಲ್ಲ. ಗೇಣಿ ಅಳೆಯುವ ಕೊಳಗ ದೊಡ್ಡದಿದೆ ಅನ್ನೋದೇ ಮೊದಲ ಜಗಳ. ಹೊಲದಲ್ಲಿ ಬಗ್ಗಿ ದುಡಿದವನ ಕೈಗೆ ಕೊಳಗದ ಹೊಟ್ಟೆ ಎಷ್ಟು ಅಂತ ಗೊತ್ತಿತ್ತು. ಆ ಸತ್ಯಾಗ್ರಹಕ್ಕೆ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು, ದೇಶಕ್ಕೆಲ್ಲ ಸುದ್ದಿಯಾಯಿತು. ಎಲ್ಲಕ್ಕೂ ಮೊದಲು ಅಲ್ಲಿದ್ದದ್ದು ಒಂದು ಕೊಳಗ.

ಇನ್ನೊಂದು ಸಂಗತಿ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ ನಮ್ಮ ಬೆಳಗಾವಿ, ವಿಜಾಪುರದ ಕಡೆಯ ಕೆಲವು ಲಾವಣಿಗಳನ್ನು ಬರೆಸಿಕೊಂಡು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಶಾಸನಗಳ ದೊಡ್ಡ ವಿದ್ವಾಂಸ ಆತ, ಮುಂಬಯಿ ಸರ್ಕಾರದ ನೌಕರಿ. ಆ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಕಥೆ ಇದೆ, ಹಲಗಲಿ ಬೇಡರ ಕಥೆ ಇದೆ. ಅವು ನಿಮಗೆ ಗೊತ್ತು, ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ಗಂಟಿನಲ್ಲಿ ಆದಾಯ ತೆರಿಗೆಯ ಮೇಲೆ ಒಂದು ಲಾವಣಿ ಇದೆ, ಪರಸಗಡ ತಾಲ್ಲೂಕಿನಲ್ಲಿ ನಡೆದ ಹೊಸ ಸರ್ವೆಯ ಮೇಲೆ ಒಂದು ಲಾವಣಿ ಇದೆ! ಪರಸಗಡ ಅಂದರೆ ಸವದತ್ತಿ ಸೀಮೆ. ಸರ್ವೆ ಅಂದರೆ ಹೊಲ ಮತ್ತೆ ಅಳೆದು ಕಂದಾಯ ಮತ್ತೆ ಕಟ್ಟೋದು. ಇವತ್ತು ನಾವು ಕರಪತ್ರ ಹಾಕಿ ಹೇಳುವ ಮಾತನ್ನು ಓದು ಬರಹ ಬಾರದ ನಮ್ಮ ಮುತ್ತಜ್ಜಂದಿರು ಡಪ್ಪು ತುಂತುಣಿ ಹಿಡಿದು ಹೇಳಿದ್ದರು. ಅದನ್ನು ಬರೆದಿಟ್ಟುಕೊಂಡವನು ಕಂದಾಯ ವಸೂಲು ಮಾಡುವ ಸರ್ಕಾರದ ಕಡೆಯವನು. ನಾವು ರಾಯಣ್ಣನ ಹಾಡನ್ನು ಉಳಿಸಿಕೊಂಡೆವು, ಕಂದಾಯದ ಹಾಡನ್ನು ಮರೆತೆವು. ಯಾಕೆ ಅಂತ ಒಮ್ಮೆ ಯೋಚನೆ ಮಾಡಿ. ಯುದ್ಧದ ಕಥೆಗೆ ಮೆರವಣಿಗೆ ಮಾಡಬಹುದು, ಕಂದಾಯದ ಕಥೆಗೆ ಮೆರವಣಿಗೆ ಮಾಡಿದರೆ ಸರ್ಕಾರಕ್ಕೆ ಮುಜುಗರ.

ಲಾವಣಿಯವರಲ್ಲಿ ಹರದೇಶಿ ನಾಗೇಶಿ ಅಂತ ಎರಡು ಕಡೆ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮತ್ತೆ ಪ್ರಶ್ನೆ, ಬೆಳಗಾಗುವ ತನಕ. ಕೂತು ಕೇಳುವ ರೈತನಿಗೆ ವಾದ ಅಂದರೇನು, ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಜವಾಬು ಕೊಡೋದು ಹೇಗೆ ಅನ್ನೋದು ಅಲ್ಲೇ ಗೊತ್ತಾಗುತ್ತಿತ್ತು. ಇವತ್ತು ನಮ್ಮ ಸಭೆಗಳಲ್ಲಿ ಆ ಸಹನೆ ಇದೆಯೇನ್ರಿ?

ಹೆಣ್ಣುಮಕ್ಕಳ ಲೆಕ್ಕ ಬೀಸುವ ಕಲ್ಲಿನ ಮುಂದೆ ಇತ್ತು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಇವರೆಲ್ಲ ಸೇರಿ ಆ ಹಾಡುಗಳನ್ನು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಅಂತ ಪುಸ್ತಕ ತಂದರು. ತವರಿನ ನೆನಪು, ಅತ್ತೆಮನೆಯ ಕಾಟ, ಮಗುವಿನ ಹಂಬಲ, ಬರಗಾಲದ ಹಸಿವು, ಯಾರ ಮುಂದೆಯೂ ಹೇಳಲಾಗದ್ದನ್ನು ಆಕೆ ಕಲ್ಲಿನ ಮುಂದೆ ಹೇಳಿದಳು. ಮನೆಯ ಗಂಡಸು ಮಲಗಿದಲ್ಲೇ ಕೇಳಿಸಿಕೊಂಡ, ಕೇಳದವನ ಹಾಗೆ ಮಗ್ಗುಲಾದ. ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡೂ ನಿಂತಿತು. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಪೇಟೆಯಿಂದ ಬಂದ ಕೆಲವು ಪಂಡಿತರು "ಅಯ್ಯೋ, ಬೀಸುವ ಕಲ್ಲು ಹೋಯಿತಲ್ಲ" ಅಂತ ಮರುಗುತ್ತಾರೆ. ಅವರಲ್ಲಿ ಯಾರೂ ನಸುಕಿನಲ್ಲಿ ಎದ್ದು ಎಂಟು ಜನರ ಹಿಟ್ಟು ಬೀಸಿದವರಲ್ಲ. ಗಿರಣಿ ಬಂದದ್ದು ಒಳ್ಳೆಯದಾಯಿತು. ರಾಶಿ ಮಾಡುವ ಮಿಷನ್ನು ಬಂದದ್ದೂ ಒಳ್ಳೆಯದೇ ಆಯಿತು, ಎತ್ತಿನ ಕಾಲೂ ಉಳಿಯಿತು, ಮನುಷ್ಯನ ಸೊಂಟವೂ ಉಳಿಯಿತು. ನಾನು ಕೇಳೋದು ಬೇರೆ. ಕಲ್ಲು ಹೋದ ಮೇಲೆ ಆಕೆ ತನ್ನ ಕಷ್ಟವನ್ನು ಎಲ್ಲಿ ಹೇಳುತ್ತಾಳೆ? ಸ್ವಸಹಾಯ ಗುಂಪಿನ ಸಭೆಯಲ್ಲಿ ಹೇಳಬೇಕಾಗಿತ್ತು. ಅಲ್ಲಿ ಕಂತಿನ ಪುಸ್ತಕ ಬಿಟ್ಟು ಬೇರೆ ಮಾತಿಗೆ ಪುರಸತ್ತು ಎಲ್ಲಿದೆ? 2025ರಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲಿಕ್ಕೆ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಿರುಕುಳಕ್ಕೆ ಸಿಕ್ಕವರಲ್ಲಿ ಇಂಥ ಹೆಣ್ಣುಮಕ್ಕಳೇ ಎಷ್ಟೋ ಮಂದಿ.

ಹಳೆಯದೆಲ್ಲ ಚಂದ ಅಂತ ನೀವು ತಿಳಿಯಬಾರದು ಅಂತ ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ನಾವು ಜಮೀನು ಇದ್ದವರು ಇಲ್ಲಿ ಕುಳಿತಿದ್ದೇವೆ. ನಮ್ಮ ಕಣದಲ್ಲಿ ಹಾಡಿದವರು ಎಲ್ಲರೂ ನಮ್ಮ ಮನೆಯವರಲ್ಲ. ಜಾತ್ರೆಗೆ, ಹೆಣಕ್ಕೆ ಹಲಗೆ ಬಡಿದವರು ಖುಷಿಗೆ ಬಡಿದದ್ದಲ್ಲ, ಬಿಟ್ಟಿ ಚಾಕರಿ ಅಂತ ಬಡಿದರು. ಬಡಿಯೋದಿಲ್ಲ ಅಂದ ಕೇರಿಗೆ ಊರಿನವರು ಬಹಿಷ್ಕಾರ ಹಾಕಿದ್ದೂ ಉಂಟು. 1970ರ ದಶಕದಲ್ಲಿ ದಲಿತ ಚಳವಳಿಯವರು ಅದೇ ತಮಟೆಯನ್ನು ಹಿಡಿದುಕೊಂಡು ತಮ್ಮ ಮೆರವಣಿಗೆಯ ಮುಂದೆ ನಡೆದರು. ವಾದ್ಯ ಅದೇ, ಯಾರಿಗಾಗಿ ಬಡಿಯಬೇಕು ಅನ್ನೋದನ್ನು ಬಡಿಯುವವನೇ ತೀರ್ಮಾನ ಮಾಡಿದ. ನಮ್ಮ ಆಳಿನ ಕೂಲಿಯನ್ನು ನಾವು ಟವಲಿನ ಕೆಳಗೆ ಇಟ್ಟು, ನಮ್ಮ ಜೋಳದ ಬೆಲೆಯನ್ನು ಮಾತ್ರ ಸರ್ಕಾರ ಗಟ್ಟಿಯಾಗಿ ಹೇಳಬೇಕು ಅಂದರೆ ನಡೆಯೋದಿಲ್ಲ.

ಈಗ ಸಿನಿಮಾಕ್ಕೆ ಬರೋಣ, ನೀವೂ ಅದಕ್ಕೇ ಕಾಯ್ತಾ ಇದ್ದೀರಿ. ರೈತರ ಸಿನಿಮಾ ಅಂದರೆ "ಬಂಗಾರದ ಮನುಷ್ಯ". ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜಕುಮಾರ್ ಅವರು ರಾಜೀವ. 1972ರಲ್ಲಿ ತೆರೆಗೆ ಬಂತು, ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಹಳ್ಳಿಗೆ ಬಂದರು ಅಂತ ಇವತ್ತಿಗೂ ಜನ ಹೇಳುತ್ತಾರೆ. ನನಗೂ ಆ ಚಿತ್ರದ ಮೇಲೆ ಪ್ರೀತಿ ಇದೆ. ಮಣ್ಣು ಮುಟ್ಟುವವನನ್ನು ನಾಯಕ ಮಾಡಿ, ಮುಂಡಾಸು ಸುತ್ತಿದವನಿಗೆ ಮರ್ಯಾದೆ ಕೊಟ್ಟು, ಪಟ್ಟಣದವರೂ ಎದ್ದು ಕೂತು ನೋಡುವ ಹಾಗೆ ಮಾಡಿದ್ದು ಸಣ್ಣ ಕೆಲಸ ಅಲ್ಲ. ಹಳ್ಳಿ ಗಮಾರ ಅಂತ ನಗೆಪಾತ್ರ ಮಾಡುತ್ತಿದ್ದ ಕಾಲದಲ್ಲಿ ಅದು ನಮ್ಮ ಬೆನ್ನನ್ನು ನೆಟ್ಟಗೆ ಮಾಡಿತು. ಅದಕ್ಕೇ ಇಂಥದ್ದು ದುಡಿಯೋ ಬಾಳಿಗೆ ಬೇಕು ಅನ್ನೋದು.

ಆದರೆ ಕಥೆಯನ್ನು ಪೇಟೆ ಲೆಕ್ಕದವನ ಕಣ್ಣಿನಿಂದ ನೋಡಿ. ರಾಜೀವ ಬಂಡೆ ಒಡೆಯುತ್ತಾನೆ, ಬೆವರು ಸುರಿಸುತ್ತಾನೆ, ನೆಲ ಬಂಗಾರ ಕೊಡುತ್ತದೆ. ಅವನ ಸೋಲು ಬರೋದು ಮನೆಯೊಳಗಿಂದ, ಹೆಂಡತಿಯ ಸಾವಿನಿಂದ, ಅಕ್ಕನ ಮಗನ ಕೊಂಕು ಮಾತಿನಿಂದ. ಪೇಟೆಯಿಂದ ಬರೋದಿಲ್ಲ. ಧಾರಣೆ ಬಿದ್ದು ರಾಜೀವ ಬೆಳೆಯನ್ನು ರಸ್ತೆಗೆ ಸುರಿದು ಬಂದ ಅನ್ನುವ ಮಾತು ಆ ಕಥೆಯಲ್ಲಿಲ್ಲ. ಅದೇ 1972ರಲ್ಲಿ ಏನಾಯಿತು? ವಿಜಾಪುರದ ಕಡೆ ಘೋರ ಬರಗಾಲ. ಜಮೀನು ಇದ್ದವರೂ ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು. ಬೆಂಗಳೂರಿನ ಪರದೆ ಮೇಲೆ ಕಲ್ಲು ಒಡೆದವನಿಗೆ ಬಂಗಾರ ಸಿಕ್ಕಿತು, ವಿಜಾಪುರದ ರಸ್ತೆ ಮೇಲೆ ಕಲ್ಲು ಒಡೆದವನಿಗೆ ದಿನದ ಕೂಲಿ ಸಿಕ್ಕಿತು. ಎರಡೂ ಕಡೆ ಬೆವರು ಒಂದೇ.

ಇದು ಹಳೇ ಕಥೆ ಅನ್ನಬೇಡಿ. ಕೇಂದ್ರ ಸರ್ಕಾರದ್ದೇ ರಾಷ್ಟ್ರೀಯ ಮಾದರಿ ಸಮೀಕ್ಷೆ 2018-19ರ ಲೆಕ್ಕ ಕೊಟ್ಟಿದೆ. ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ. ಕೂಲಿ ಸಂಬಳದಿಂದ ಬಂದದ್ದು 4,063. ಅಂದರೆ ಹೊಲ ಇದ್ದವನ ಮನೆಗೆ ಹೊಲಕ್ಕಿಂತ ಹೆಚ್ಚು ತಂದುಕೊಡೋದು ಹೊರಗಿನ ದುಡಿಮೆ. ಅರ್ಧಕ್ಕಿಂತ ಹೆಚ್ಚು ಕುಟುಂಬ, ನೂರಕ್ಕೆ 50.2, ಸಾಲದಲ್ಲಿ. ಕುಟುಂಬಕ್ಕೆ ಸರಾಸರಿ ಸಾಲ 74,121 ರೂಪಾಯಿ. ಇವರೆಲ್ಲ ಬೆವರು ಸುರಿಸದವರೇ?

ನನ್ನ ಚಿಂತೆ ಇರೋದು ಇಲ್ಲಿ. ದುಡಿದರೆ ಬಂಗಾರ ಅಂತ ಐವತ್ತು ವರ್ಷ ಕೇಳಿಸಿಕೊಂಡ ಮನುಷ್ಯನಿಗೆ ಬಂಗಾರ ಬರದಿದ್ದಾಗ ಅವನು ಯಾರನ್ನು ದೂರುತ್ತಾನೆ? ತನ್ನನ್ನೇ. ತಾನೇ ದಂಡಪಿಂಡ, ತಾನೇ ಮನೆತನದ ಮಾನ ಕಳೆದವನು ಅಂದುಕೊಳ್ಳುತ್ತಾನೆ. ಪಹಣಿಯ ಮೇಲಿನ ಸಾಲವನ್ನು ಹೆಂಡತಿಗೂ ಹೇಳುವುದಿಲ್ಲ. ನೋಟೀಸನ್ನು ಜಂತಿಯ ಸಂದಿಯಲ್ಲಿ ಸಿಕ್ಕಿಸಿಡುತ್ತಾನೆ. ಆತ್ಮಹತ್ಯೆಯಾದ ಮನೆಗಳಿಗೆ ಹೋದಾಗ ಮನೆಯವರು ಹೇಳುವ ಮಾತು ಹೆಚ್ಚಾಗಿ ಒಂದೇ: "ನಮಗ ಗೊತ್ತೇ ಇರಲಿಲ್ರಿ." ಹಂತಿ ಹೊಡೆಯುವ ರಾತ್ರಿಯಲ್ಲಿ ಸಾಹುಕಾರನ ಬಡ್ಡಿಯನ್ನು ಹಾಡಿನಲ್ಲಿ ಎಣಿಸಿದವನಿಗೆ ಸಾಲ ತೀರಲಿಲ್ಲ, ನಿಜ. ಆದರೆ ಸಾಲ ತನ್ನೊಬ್ಬನ ಪಾಪ ಅಲ್ಲ ಅನ್ನೋದು ಸೊಲ್ಲು ಹಿಡಿದ ಹತ್ತು ದನಿಗಳಿಂದ ಅವನಿಗೆ ಗೊತ್ತಾಗುತ್ತಿತ್ತು.

ಸಿನಿಮಾ ಇದನ್ನು ಮಾಡಲಾರದು ಅಂತಲ್ಲ. ಅದೇ ಸಿದ್ದಲಿಂಗಯ್ಯನವರು ಎರಡೇ ವರ್ಷಕ್ಕೆ, 1974ರಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ "ಭೂತಯ್ಯನ ಮಗ ಅಯ್ಯು" ಮಾಡಿದರು. ಅಲ್ಲಿ ಸಾಲ ಇದೆ, ಹಗೆ ಇದೆ. ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣ ಹೊರಲು ಊರಿನವರು ಬರೋದಿಲ್ಲ. ರೈತರು ಆ ದೃಶ್ಯವನ್ನು ಉಸಿರು ಹಿಡಿದು ನೋಡಿದರು, ಯಾಕಂದರೆ ಪ್ರತಿ ಊರಲ್ಲೂ ಒಬ್ಬ ಭೂತಯ್ಯ ಇದ್ದ. ಇವತ್ತಿನ ತೊಡಕು ಏನು ಅಂದರೆ ಈಗಿನ ಭೂತಯ್ಯನಿಗೆ ಮುಖ ಇಲ್ಲ. ಬೀಜದ ಕಂಪನಿ, ಔಷಧದ ಅಂಗಡಿಯ ಉದ್ರಿ, ಬಂಗಾರದ ಮೇಲಿನ ಸಾಲ, ಆಮದು ಸುಂಕ ಇಳಿಸುವ ಆದೇಶ. ಇವುಗಳ ವೇಷ ಕಟ್ಟಿ ರಂಗದ ಮೇಲೆ ತರೋದು ಕಷ್ಟ. ಆದರೂ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುವ ನಾಟಕ ಕಂಪನಿಗಳ ಒಂದು ಆಟದಲ್ಲಿ ನಾನು ನೋಡಿದೆ: ಹಾಸ್ಯದ ಪಾತ್ರಧಾರಿ ಕಥೆಗೆ ಸಂಬಂಧವೇ ಇಲ್ಲದೆ ಆ ವರ್ಷದ ಉಳ್ಳಾಗಡ್ಡಿ ಧಾರಣೆಯನ್ನು ಎಳೆದು ತಂದ. ಡೇರೆಗೆ ಡೇರೆಯೇ ಚಪ್ಪಾಳೆ ಹೊಡೆಯಿತು. ಟಿಕೀಟು ಕೊಂಡು ಕೂತವರು ಯಾರು ಅಂತ ಅವನಿಗೆ ಗೊತ್ತು, ಸಂಜೆಯ ಗಲ್ಲಾಪೆಟ್ಟಿಗೆ ಅದನ್ನು ಕಲಿಸಿರುತ್ತದೆ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಮಕ್ಕಳನ್ನು ಬೈಯುವ ಕೆಲಸ ನನ್ನದಲ್ಲ. ಟ್ರ್ಯಾಕ್ಟರಿನ ಮೇಲೆ ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಹುಡುಗನೂ ದುಡಿಮೆಯ ಬೇಸರಕ್ಕೇ ಹಾಕಿಕೊಂಡಿರುತ್ತಾನೆ, ಹಂತಿ ಹೊಡೆದ ಅವನ ಅಜ್ಜನ ಹಾಗೆಯೇ. ವ್ಯತ್ಯಾಸ ಒಂದೇ, ಅಜ್ಜ ಹಾಡಿನೊಳಗೆ ತನ್ನ ಮಾತು ಸೇರಿಸಬಹುದಿತ್ತು. ಮೊಬೈಲಿನಲ್ಲೂ ಸೇರಿಸಬಹುದು, ಅದರಲ್ಲಿ ಹಾಡುವ ಬಾಯಿಯೂ ಇದೆ, ಕೇಳುವ ಕಿವಿಯೂ ಇದೆ. ಟೊಮೆಟೊ ಸುರಿದು ಬಂದ ರೈತರು ತಾವೇ ಚಿತ್ರ ತೆಗೆದು ಊರೂರಿಗೆ ಕಳಿಸಿದ್ದನ್ನು ನೀವೂ ನೋಡಿದ್ದೀರಿ.

ಹಾಗಾದರೆ ಏನು ಮಾಡಬೇಕು ಅಂತ ಆ ಹಿರಿಯರು ಕೇಳುತ್ತಾರೆ, ಅಲ್ಲೇ ಕುಳಿತು ಕೈ ಎತ್ತಿದ್ದಾರೆ. ಈ ವರ್ಷ ನಿಮ್ಮೂರಿನ ಜಾತ್ರೆ ಕಮಿಟಿಯಲ್ಲಿ ಡಿ.ಜೆ.ಗೆ ಎಷ್ಟು, ರಸಮಂಜರಿಗೆ ಎಷ್ಟು, ಅದರಲ್ಲಿ ಪಟ್ಟಿ ಎತ್ತಿದ್ದು ಎಷ್ಟು, ಯಾರು ಯಾರು ಕೈಗಡ ತಂದು ಪಟ್ಟಿ ಕೊಟ್ಟರು ಅಂತ ಕೇಳಿ. ಹಬ್ಬ ಬೇಡ ಅನ್ನಬೇಡಿ, ಹಬ್ಬವಿಲ್ಲದ ಊರಿಗೆ ಮಗಳನ್ನೂ ಯಾರೂ ಕೊಡೋದಿಲ್ಲ. ಆ ರೊಕ್ಕದಲ್ಲಿ ಒಂದು ಪಾಲು ನಿಮ್ಮದೇ ತಾಲ್ಲೂಕಿನ ಲಾವಣಿ ಮೇಳಕ್ಕೆ, ಸಣ್ಣಾಟದವರಿಗೆ ಕೊಡಿ. ಒಂದು ಚೀಲ ಹತ್ತಿ ಬೆಳೆಯಲು ಬಿದ್ದ ಖರ್ಚಿನ ಚೀಟಿಯನ್ನು ಅವರ ಕೈಗಿಡಿ, ಇದನ್ನು ಪದ ಕಟ್ಟಿ ಅನ್ನಿ. ಅವರು ಕಟ್ಟುತ್ತಾರೆ. ಸರ್ವೆಯ ಮೇಲೆ ಕಟ್ಟಿದವರ ವಂಶದವರು ಅವರು. ಹೆಣ್ಣುಮಕ್ಕಳಿಗೆ ಬೇರೆ ಒಂದು ರಾತ್ರಿ ಬಿಡಿ, ಗಂಡಸರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಆಳುಗಳನ್ನೂ ಕರೆಯಿರಿ, ಅವರು ನಮ್ಮ ಮೇಲೆ ಪದ ಕಟ್ಟಿದರೆ ಸಿಟ್ಟಾಗಬೇಡಿ. ಇನ್ನು ರಾಶಿ ಮಾಡುವ ಮಿಷನ್ನು ಬಂದಾಗ ಚೀಲ ಎಣಿಸುತ್ತೀರಲ್ಲ, ಮೊದಲ ಚೀಲಕ್ಕೆ "ಲಾಭ" ಅನ್ನಿ, ಗಟ್ಟಿಯಾಗಿ ಅನ್ನಿ. ಅಂದ ಮೇಲೆ ಮಗನಿಗೋ ಮಗಳಿಗೋ ನೋಟು ಪುಸ್ತಕ ಕೊಟ್ಟು, ಬೀಜ, ಗೊಬ್ಬರ, ಡೀಸೆಲ್, ಆಳು, ಬಡ್ಡಿ, ಎಲ್ಲ ಕಳೆದು ಆ ಮಾತು ನಿಜವಾಯಿತೋ ಸುಳ್ಳಾಯಿತೋ ಬರೆಸಿ. ಹಾಗೆ ಬರೆದ ನೂರು ಮನೆಯ ಲೆಕ್ಕ ಮುಂದಿನ ಶಿಬಿರಕ್ಕೆ ತನ್ನಿ, ತಹಸೀಲ್ದಾರರ ಮುಂದೆ ಇಡಲಿಕ್ಕೂ ಬಂತು, ಮೇಳದವರಿಗೆ ಕೊಡಲಿಕ್ಕೂ ಬಂತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೊರಗೆ ಮೇಳದವರು ಬಂದು ಡಪ್ಪು ಕಾಯಿಸುತ್ತಾ ಕುಳಿತಿದ್ದಾರೆ, ಅವರಿಗೆ ಸಂಜೆಯ ಬಸ್ಸು ಹಿಡಿಯಬೇಕಂತೆ. ನಾನು ಇಳಿಯುತ್ತೇನೆ, ಅವರು ಹತ್ತಲಿ.